ತಪ್ಪು ಪ್ಯಾಕಿಂಗಿನದಲ್ಲ

ಬುಲೆಟ್ ಸವಾರರ ನಡುವೆ ಹಳೆಯ ಜೋಕೊಂದಿದೆ: ನಿಲ್ಲಿಸಿದ ಗಾಡಿಯ ಕೆಳಗೆ ಆಯಿಲ್ ಬಿದ್ದಿಲ್ಲವೆಂದರೆ ಒಳಗೆ ಆಯಿಲ್ಲೇ ಇಲ್ಲವೆಂದು ಅರ್ಥ. ಹೀಗೆ ನಕ್ಕು ಸುಮ್ಮನಾಗುವವರು ಕೆಲವರು. ಇನ್ನು ಕೆಲವರು ವರ್ಷ ವರ್ಷವೂ ಗ್ಯಾರೇಜಿಗೆ ಹೋಗಿ ಸಿಲಿಂಡರಿನ ಬುಡದ ಪ್ಯಾಕಿಂಗ್ ಬದಲಿಸಿಕೊಂಡು ಬರುತ್ತಾರೆ. ಹೆಚ್ಚು ಬೇಸರ ಪಡುವವರು ಇವರೇ. ಮೊದಲ ತಿಂಗಳು ಎಂಜಿನ್ ಒಣಗಿ ಲಕಲಕ ಎನ್ನುತ್ತಿರುತ್ತದೆ. ಒಂದೆರಡು ದೂರದ ಪ್ರಯಾಣ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಜಿಡ್ಡು, ಜಿಡ್ಡಿಗೆ ಅಂಟಿದ ಧೂಳು. "ಪ್ಯಾಕಿಂಗ್ ಕ್ವಾಲಿಟಿ ಸರಿ ಇಲ್ಲ ಸಾರ್" ಎಂಬ ತೀರ್ಪು ಬರುತ್ತದೆ. ಇನ್ನೊಂದು ಪ್ಯಾಕಿಂಗ್ ಕೂರುತ್ತದೆ.

ಆ ತೀರ್ಪು ಹೆಚ್ಚಿನ ಸಲ ತಪ್ಪು. ಸಿಲಿಂಡರ್ ಬುಡದಲ್ಲಿ ಆಯಿಲ್ಲನ್ನು ತಡೆಯುವುದು ಪ್ಯಾಕಿಂಗ್ ಎಂಬ ಆ ಕಾಗದವಲ್ಲ, ಕಾಗದವನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಿರುವ ಬಲ. ಆ ಬಲ ಎಲ್ಲಿಂದ ಬರುತ್ತದೆ, ಹೇಗೆ ಕರಗುತ್ತದೆ ಎಂದು ತಿಳಿದರೆ ರಿಪೇರಿಯ ಮುಕ್ಕಾಲು ಭಾಗ ಮುಗಿದಂತೆ.

ಮೂರು ಲೋಹದ ತುಂಡುಗಳು

ಎರಕದ ಕಬ್ಬಿಣದ ಸಿಲಿಂಡರ್ ಇದ್ದ ಹಳೆಯ ಬುಲೆಟ್ 350 ಅನ್ನೇ ಮುಂದಿಟ್ಟುಕೊಳ್ಳೋಣ. 1955ರಲ್ಲಿ ಮದ್ರಾಸಿನಲ್ಲಿ ಜೋಡಣೆ ಶುರುವಾದ ಈ ಗಾಡಿ, ಎಂಜಿನ್ನಿನ ಮೂಲ ರಚನೆಯನ್ನು ಹೆಚ್ಚು ಬದಲಿಸಿಕೊಳ್ಳದೆ ಅರ್ಧ ಶತಮಾನ ಓಡಿತು. ಸಿಲಿಂಡರಿನ ಒಳವ್ಯಾಸ 70 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 90 ಮಿಲಿಮೀಟರ್. ಗುಣಿಸಿದರೆ 346 ಸಿಸಿ.

ಕೆಳಗೆ ಅಲ್ಯೂಮಿನಿಯಂ ಮಿಶ್ರಲೋಹದ ಕ್ರ್ಯಾಂಕ್‌ಕೇಸ್. ಅದರ ಮೇಲೆ ಕಬ್ಬಿಣದ ಸಿಲಿಂಡರ್. ಸಿಲಿಂಡರಿನ ಮೇಲೆ ಮತ್ತೆ ಅಲ್ಯೂಮಿನಿಯಂ ಹೆಡ್. ಕ್ರ್ಯಾಂಕ್‌ಕೇಸಿನಿಂದ ಎದ್ದ ಗಿಡ್ಡ ಸ್ಟಡ್‌ಗಳು ಸಿಲಿಂಡರಿನ ಬುಡದ ಅಂಚಿನೊಳಗೆ ತೂರಿ ಬರುತ್ತವೆ, ಮೇಲಿನಿಂದ ನಟ್ ಬಿಗಿಯುತ್ತಾರೆ. ಅವುಗಳಲ್ಲೊಂದು ನಟ್ ಹೊರಗೆ ಕಾಣುವುದಿಲ್ಲ. ಟ್ಯಾಪೆಟ್ ಕವರ್ ತೆಗೆದರೆ ಮಾತ್ರ ಒಳಗೆ ಸಿಗುತ್ತದೆ. ಇದನ್ನು ಮರೆತು ಸಿಲಿಂಡರನ್ನು ಎತ್ತಲು ಹೋಗಿ ಅಂಚು ಮುರಿದುಕೊಂಡವರಿದ್ದಾರೆ, ಜೋಡಿಸುವಾಗ ಇದನ್ನೊಂದು ಬಿಗಿಯದೆ ಬಿಟ್ಟು ಸೋರಿಕೆಗೆ ದಾರಿ ಮಾಡಿದವರೂ ಇದ್ದಾರೆ.

ಸಿಲಿಂಡರೂ ಕ್ರ್ಯಾಂಕ್‌ಕೇಸೂ ಕೂಡುವ ಈ ಕೀಲಿನಲ್ಲಿ ಆಯಿಲ್ ಪಂಪಿನ ಒತ್ತಡವೇನೂ ಇಲ್ಲ. ತಿರುಗುವ ಕ್ರ್ಯಾಂಕ್ ಎರಚಿದ್ದು ಗೋಡೆಗೆ ತಾಗಿ ಇಳಿಯುತ್ತದೆ, ಮೇಲೆ ರಾಕರ್‌ಗೆ ಹೋದ ಆಯಿಲ್ ಪುಶ್‌ರಾಡ್ ಸುರಂಗದ ಮೂಲಕ ಇದೇ ಕೀಲನ್ನು ದಾಟಿ ಕೆಳಗೆ ಬರುತ್ತದೆ. ಹೀಗೆ ಸುಮ್ಮನೆ ಇಳಿದುಹೋಗುವ ಆಯಿಲ್ ಹೊರಗೇಕೆ ಬರಬೇಕು? ಇದಕ್ಕೆ ಉತ್ತರ ಹುಡುಕುವ ಮೊದಲು, ಹೊರಗೆ ಬಂದದ್ದು ಬುಡದಿಂದಲೇ ಬಂತೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಕಂಡ ಜಾಗವೇ ಸೋರಿದ ಜಾಗವಲ್ಲ

ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಸಿಕ್ಕಿ ಹಿಂದಕ್ಕೂ ಹೋಗುತ್ತದೆ. ನೀರಿಗಿಂತ ಆಯಿಲ್ಲಿನ ಮೇಲ್ಮೈ ಸೆಳೆತ ಅರ್ಧಕ್ಕೂ ಕಡಿಮೆ. ಹಾಗಾಗಿ ಅದು ಹನಿಯಾಗಿ ನಿಲ್ಲದೆ ಲೋಹದ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಸಿಲಿಂಡರಿನ ತಂಪುರೆಕ್ಕೆಗಳ ಮೂಲಕ ಇಳಿದು ಬಂದದ್ದೆಲ್ಲ ಕೊನೆಗೆ ಕೂಡಿಕೊಳ್ಳುವುದು ಬುಡದ ಅಂಚಿನಲ್ಲಿ. ರಾಕರ್‌ಗೆ ಹೋಗುವ ಆಯಿಲ್ ಪೈಪಿನ ತಾಮ್ರದ ವಾಶರ್ ಸಡಿಲವಾಗಿದ್ದರೂ, ರಾಕರ್ ಕವರ್ ಬೆವರುತ್ತಿದ್ದರೂ, ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿದ್ದರೂ ಆರೋಪ ಬರುವುದು ಬುಡದ ಮೇಲೆಯೇ. ಬುಲೆಟ್‌ನಲ್ಲಿ ಟ್ಯಾಪೆಟ್ ಕವರ್ ಈ ಕೀಲಿನ ನೆತ್ತಿಯ ಮೇಲೇ ಇರುವುದರಿಂದ ಇದು ಪದೇ ಪದೇ ಆಗುವ ತಪ್ಪು.

ಪತ್ತೆ ಮಾಡುವ ವಿಧಾನ ಸರಳ. ಎಂಜಿನ್ನನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಬ್ರಷ್ ಹಾಕಿ ತೊಳೆದು, ಸೋಪಿನ ನೀರಿನಲ್ಲಿ ಜಿಡ್ಡು ತೆಗೆದು, ಪೂರ್ತಿ ಒಣಗಿಸಿ. ಸಿಲಿಂಡರಿನ ಸುತ್ತ ಮೇಲಿಂದ ಬುಡದವರೆಗೂ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ. ನಿಂತಲ್ಲೇ ಐದಾರು ನಿಮಿಷ ಓಡಿಸಿ ನೋಡಿ, ಆಮೇಲೆ ಒಂದು ಸಣ್ಣ ಸುತ್ತು ಹೋಗಿ ಬಂದು ನೋಡಿ. ಬಿಳಿ ಪುಡಿಯಲ್ಲಿ ಆಯಿಲ್ ಹೊರಟ ಜಾಗ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಗೆರೆಯ ತುದಿಯನ್ನು ನೋಡಬೇಡಿ, ಅತಿ ಮೇಲಿನ ಬಿಂದುವನ್ನು ನೋಡಿ. ಅಲ್ಲಿದೆ ಸೋರಿಕೆ. ಹತ್ತು ರೂಪಾಯಿಯ ಪೌಡರ್ ಎಷ್ಟೋ ಸಲ ಎಂಜಿನ್ ಬಿಚ್ಚುವ ಖರ್ಚನ್ನೇ ಉಳಿಸುತ್ತದೆ.

ತಿದಿಯಂತೆ ಊದುವ ಪಿಸ್ಟನ್

ಬುಡವೇ ಸೋರುತ್ತಿದೆ ಎಂದು ಖಚಿತವಾಯಿತು ಅನ್ನಿ. ಆಗಲೂ ಸ್ಪ್ಯಾನರ್ ಹಿಡಿಯುವ ಮುನ್ನ ಇನ್ನೊಂದು ಪರೀಕ್ಷೆ ಬಾಕಿ ಇದೆ.

ಪಿಸ್ಟನ್ ಕೆಳಗಿಳಿದಾಗ ಮೇಲೆ 346 ಸಿಸಿ ಜಾಗ ಹುಟ್ಟುತ್ತದೆ, ಅಷ್ಟೇ ಜಾಗ ಕೆಳಗೆ ಕಡಿಮೆಯಾಗುತ್ತದೆ. ಕ್ರ್ಯಾಂಕ್‌ಕೇಸಿನೊಳಗಿನ ಗಾಳಿ ಎಲ್ಲಿಗೆ ಹೋಗಬೇಕು? ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಇಳಿಯುವಾಗ ಇನ್ನೆರಡು ಏರುವುದರಿಂದ ಗಾಳಿ ಅಲ್ಲಲ್ಲೇ ಸುಳಿದಾಡಿ ಸರಿಹೋಗುತ್ತದೆ. ಒಂಟಿ ಸಿಲಿಂಡರಿಗೆ ಆ ಸೌಕರ್ಯವಿಲ್ಲ. ನಿಮಿಷಕ್ಕೆ 3,000 ಸುತ್ತಿನಲ್ಲಿ ಸೆಕೆಂಡಿಗೆ 50 ಸಲ ಅದು ಕಮ್ಮಾರನ ತಿದಿಯಂತೆ ಕ್ರ್ಯಾಂಕ್‌ಕೇಸನ್ನು ಒತ್ತುತ್ತದೆ, ಬಿಡುತ್ತದೆ. ಜತೆಗೆ ಪಿಸ್ಟನ್ ರಿಂಗುಗಳ ಸಂದಿನಿಂದ ದಹನದ ಅನಿಲವೂ ಸ್ವಲ್ಪ ಸ್ವಲ್ಪ ಕೆಳಗೆ ನುಸುಳುತ್ತಿರುತ್ತದೆ.

ಇದಕ್ಕೆಂದೇ ಬ್ರೀದರ್ ಇರುವುದು. ಹಳೆಯ ಬುಲೆಟ್‌ಗಳ ಬ್ರೀದರ್ ಪೈಪಿನಲ್ಲಿ ಎರಡು ತುಟಿಗಳ ಒಂದು ರಬ್ಬರ್ ತುಂಡು ಇರುತ್ತದೆ. ಪಿಸ್ಟನ್ ಇಳಿದಾಗ ತುಟಿ ತೆರೆದು ಗಾಳಿಯನ್ನು ಹೊರಗೆ ಬಿಡುತ್ತದೆ, ಏರಿದಾಗ ಮುಚ್ಚಿಕೊಂಡು ಹೊರಗಿನ ಗಾಳಿ ಒಳಬರದಂತೆ ತಡೆಯುತ್ತದೆ. ಹೀಗೆ ಹೋಗುವುದಕ್ಕೆ ದಾರಿಯಿದ್ದು ಬರುವುದಕ್ಕೆ ದಾರಿಯಿಲ್ಲದಾಗ ಒಳಗಿನ ಸರಾಸರಿ ಒತ್ತಡ ಹೊರಗಿನ ವಾತಾವರಣಕ್ಕಿಂತ ತುಸು ಕಡಿಮೆಯೇ ಆಗಿರುತ್ತದೆ. ಅಂಥ ಎಂಜಿನ್ನಿನಲ್ಲಿ ಕೀಲು ಅಷ್ಟಿಷ್ಟು ಸಡಿಲವಾಗಿದ್ದರೂ ಆಯಿಲ್ ಒಳಗೇ ಉಳಿಯುತ್ತದೆ.

ರಬ್ಬರ್ ಗಟ್ಟಿಯಾಗಿ ತುಟಿ ಅಂಟಿಕೊಂಡಿತೋ, ಪೈಪ್ ಮಡಚಿಕೊಂಡಿತೋ, ಕಣಜದ ಹುಳು ಪೈಪಿನ ಬಾಯಿಗೆ ಮಣ್ಣು ಮೆತ್ತಿತೋ, ಲೆಕ್ಕ ತಿರುಗಿಬಿತ್ತು. ಆಗ ಗಾಳಿ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ, ಹೋಗುವಾಗ ಆಯಿಲ್ಲನ್ನೂ ಕರೆದೊಯ್ಯುತ್ತದೆ. ಬುಡದ ಕೀಲು ಅಂಥ ಮೊದಲ ದಾರಿಗಳಲ್ಲೊಂದು. ರಿಂಗ್ ಸವೆದ ಎಂಜಿನ್ನಿನಲ್ಲೂ ಇದೇ ಕಥೆ. ಅಲ್ಲಿ ಬ್ರೀದರ್ ಸರಿಯಿದ್ದರೂ ನುಸುಳುವ ಅನಿಲದ ಪ್ರಮಾಣ ಅದರ ಕೈ ಮೀರಿರುತ್ತದೆ. ಇಂಥ ಎಂಜಿನ್ನಿಗೆ ಎಷ್ಟು ಪ್ಯಾಕಿಂಗ್ ಹಾಕಿದರೂ ಒಂದೇ.

ಆದ್ದರಿಂದ ಮೊದಲು ಬ್ರೀದರ್ ಪೈಪ್ ಕಳಚಿ ಊದಿ ನೋಡಿ. ಒಂದು ಕಡೆಗೆ ಗಾಳಿ ಹೋಗಬೇಕು, ಇನ್ನೊಂದು ಕಡೆಗೆ ಹೋಗಬಾರದು. ಎಂಜಿನ್ ಓಡುವಾಗ ಅದರ ಬಾಯಿಗೆ ಕೈ ಹಿಡಿಯಿರಿ. ಲಯಬದ್ಧವಾದ ಸಣ್ಣ ಉಸಿರು ಸಹಜ. ನೀಲಿ ಹೊಗೆ ಬುಸುಗುಟ್ಟಿಕೊಂಡು ಬರುತ್ತಿದ್ದರೆ ತೊಂದರೆ ರಿಂಗಿನಲ್ಲಿದೆ. ವಾರಗಟ್ಟಲೆ ನಿಂತ ಹಳೆಯ ಬುಲೆಟ್‌ನಲ್ಲಿ ಇನ್ನೊಂದು ವಿಷಯವೂ ಉಂಟು. ಆಯಿಲ್ ತನ್ನ ಕೋಣೆಯಿಂದ ಪಂಪಿನ ಸಂದಿನ ಮೂಲಕ ಜಿನುಗಿ ಕ್ರ್ಯಾಂಕ್ ತಿರುಗುವ ಕೋಣೆಯಲ್ಲಿ ತುಂಬಿಕೊಂಡಿರುತ್ತದೆ. ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಿ ಹೊಗೆ, ಬ್ರೀದರಿನಲ್ಲಿ ಆಯಿಲ್ ಎಲ್ಲ ಬರುತ್ತದೆ. ಇದನ್ನು ಬುಡದ ಸೋರಿಕೆ ಎಂದು ಬಗೆಯಬಾರದು.

ಸಂದಿಯ ಗಣಿತ

ಕನ್ನಡಿಯಷ್ಟು ನುಣುಪಾಗಿ ಕಾಣುವ ಲೋಹದ ಮುಖವೂ ಸೂಕ್ಷ್ಮದರ್ಶಕದಡಿ ಏರುತಗ್ಗುಗಳ ಪ್ರದೇಶ. ಎರಡು ಮುಖಗಳನ್ನು ಒಂದರ ಮೇಲೊಂದು ಇಟ್ಟರೆ ಏರುಗಳಷ್ಟೇ ಒಂದಕ್ಕೊಂದು ತಾಗುತ್ತವೆ. ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ಕಳೆದ ಶತಮಾನದ ನಡುಭಾಗದಲ್ಲಿ ಘರ್ಷಣೆಯನ್ನು ಅಧ್ಯಯನ ಮಾಡುತ್ತ ಇದನ್ನು ಸ್ಪಷ್ಟಪಡಿಸಿದರು: ಲೋಹಗಳು ನಿಜವಾಗಿ ತಾಗುವ ಜಾಗ ಕಣ್ಣಿಗೆ ಕಾಣುವ ಜಾಗದ ತೀರ ಸಣ್ಣ ಅಂಶ, ಒತ್ತುವ ಬಲ ಹೆಚ್ಚಿದಂತೆ ಆ ಅಂಶವೂ ಹೆಚ್ಚುತ್ತದೆ. ಉಳಿದ ತಗ್ಗುಗಳೆಲ್ಲ ಆಯಿಲ್ಲಿಗೆ ಕಾಲುದಾರಿ. ಪ್ಯಾಕಿಂಗಿನ ಕೆಲಸ ಆ ತಗ್ಗುಗಳೊಳಗೆ ಇಳಿದು ತುಂಬಿಕೊಳ್ಳುವುದು. ಒತ್ತಡ ಇಲ್ಲದಿದ್ದರೆ ಅದು ಇಳಿಯುವುದಿಲ್ಲ.

ಪ್ಯಾರಿಸ್ಸಿನ ವೈದ್ಯ ಪ್ವಾಸೆಯ್ 1840ರ ಸುಮಾರಿಗೆ ಸಪೂರ ಗಾಜಿನ ನಳಿಗೆಗಳಲ್ಲಿ ದ್ರವ ಹರಿಯುವ ಬಗೆಯನ್ನು ಅಳೆದ. ಅವನಿಗೆ ಬೇಕಿದ್ದದ್ದು ರಕ್ತನಾಳಗಳ ವಿದ್ಯಮಾನ. ಅದೇ ಗಣಿತವನ್ನು ಚಪ್ಪಟೆ ಸಂದಿಗೆ ಅನ್ವಯಿಸಿದರೆ ಮೆಕ್ಯಾನಿಕ್‌ಗೆ ಬೇಕಾದ ಸೂತ್ರ ಸಿಗುತ್ತದೆ: ಹರಿಯುವ ಪ್ರಮಾಣ ಸಂದಿಯ ಎತ್ತರದ ಘನಕ್ಕೆ ಅನುಗುಣವಾಗಿರುತ್ತದೆ. ಸಂದಿ ಎರಡರಷ್ಟಾದರೆ ಸೋರಿಕೆ ಎಂಟರಷ್ಟು. 10 ಮೈಕ್ರಾನ್ ಸಂದಿ 50 ಮೈಕ್ರಾನ್ ಆದರೆ ಸೋರಿಕೆ 125 ಪಟ್ಟು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹಿಂದೊಮ್ಮೆ ಯಾರೋ ಸ್ಕ್ರೂಡ್ರೈವರ್ ತೂರಿಸಿ ಸಿಲಿಂಡರ್ ಮೀಟಿದಾಗ ಅಲ್ಯೂಮಿನಿಯಂ ಮುಖದ ಮೇಲೆ ಬಿದ್ದ ಒಂದೇ ಒಂದು ಗೀರು ಯಾಕೆ ಅಷ್ಟು ದುಬಾರಿಯಾಗುತ್ತದೆ ಎಂಬುದಕ್ಕೆ ಈ ಘನವೇ ಕಾರಣ.

ಇದೇ ಸೂತ್ರದಲ್ಲಿ ಆಯಿಲ್ಲಿನ ಸ್ನಿಗ್ಧತೆಯೂ ಇದೆ. 20ಡಬ್ಲ್ಯೂ-50 ಆಯಿಲ್ಲಿನ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 160 ಸೆಂಟಿಸ್ಟೋಕ್ಸ್ ಇದ್ದರೆ 100 ಡಿಗ್ರಿಯಲ್ಲಿ ಸುಮಾರು 18. ಎಂಟು ಒಂಬತ್ತು ಪಟ್ಟು ತೆಳುವಾಯಿತು. ಗ್ಯಾರೇಜಿನಲ್ಲಿ ತಣ್ಣಗಿರುವಾಗ ಒಣಗಿರುವ ಗಾಡಿ ಹೆದ್ದಾರಿಯಲ್ಲಿ ಒಂದು ತಾಸು ಓಡಿದ ಮೇಲೆ ಬೂಟಿಗೆ ಆಯಿಲ್ ಹಚ್ಚುವುದು ಇದರಿಂದ.

ಕಬ್ಬಿಣ ಒಂದು ಲೆಕ್ಕ, ಅಲ್ಯೂಮಿನಿಯಂ ಒಂದು ಲೆಕ್ಕ

ಬಿಸಿಯಾದಾಗ ಇನ್ನೂ ಒಂದು ಸಂಗತಿ ನಡೆಯುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಅಲ್ಯೂಮಿನಿಯಂ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಭಾಗದಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣ ಸುಮಾರು 11 ಭಾಗದಷ್ಟು. ಬುಡದ ಅಗಲದಲ್ಲಿ 100 ಮಿಲಿಮೀಟರ್ ದೂರ ತೆಗೆದುಕೊಳ್ಳಿ, ಎಂಜಿನ್ 80 ಡಿಗ್ರಿ ಬಿಸಿಯೇರಿದೆ ಎನ್ನಿ. ಕೆಳಗಿನ ಅಲ್ಯೂಮಿನಿಯಂ 0.18 ಮಿಲಿಮೀಟರ್ ಬೆಳೆಯುತ್ತದೆ, ಮೇಲಿನ ಕಬ್ಬಿಣ 0.09. ಅಂದರೆ ಪ್ರತಿ ಸಲ ಗಾಡಿ ಬಿಸಿಯಾಗಿ ತಣ್ಣಗಾದಾಗಲೂ ಎರಡು ಮುಖಗಳ ನಡುವೆ ಮಿಲಿಮೀಟರಿನ ಹತ್ತನೆ ಒಂದರಷ್ಟು ಜಗ್ಗಾಟ ಇರುತ್ತದೆ. ನಡುವೆ ಸಿಕ್ಕಿದ ಕಾಗದವನ್ನು ಮೇಲಿನದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಎಳೆಯುತ್ತದೆ. ದಿನಕ್ಕೆ ನಾಲ್ಕು ಸಲ ಸ್ಟಾರ್ಟ್ ಆಗಿ ನಿಲ್ಲುವ ಪೇಟೆಯ ಗಾಡಿಗೆ ಈ ಜಗ್ಗಾಟ ಹೆಚ್ಚು.

ಇದರ ಮೇಲೆ ದಹನದ ಹೊಡೆತ. 70 ಮಿಲಿಮೀಟರ್ ಒಳವ್ಯಾಸದ ಸಿಲಿಂಡರಿನ ವಿಸ್ತೀರ್ಣ 38.5 ಚದರ ಸೆಂಟಿಮೀಟರ್. ಒಳಗಿನ ಗರಿಷ್ಠ ಒತ್ತಡ 30 ಬಾರ್ ಎಂದು ಕಡಿಮೆಯೇ ಹಿಡಿದರೂ ಹೆಡ್ಡನ್ನು ಮೇಲಕ್ಕೆತ್ತುವ ಬಲ ಒಂದು ಟನ್ನಿಗೂ ಮಿಗಿಲು. ಹೆಡ್ ಸಿಲಿಂಡರಿಗೆ ಕಟ್ಟಿದೆ, ಸಿಲಿಂಡರ್ ಬುಡದ ಸ್ಟಡ್‌ಗಳಿಗೆ ಕಟ್ಟಿದೆ. ಹಾಗಾಗಿ ಆ ಎಳೆತವೆಲ್ಲ ಕೊನೆಗೆ ಬುಡದ ಸ್ಟಡ್‌ಗಳದ್ದೇ ಹೊರೆ, ಅದೂ 3,000 ಸುತ್ತಿನಲ್ಲಿ ಸೆಕೆಂಡಿಗೆ 25 ಸಲ.

ಸ್ಟಡ್ ಎಂಬ ಸ್ಪ್ರಿಂಗ್

ಹಾಗಾದರೆ ಸ್ಟಡ್ ಮಾಡುವುದೇನು? ಅದು ಸಿಲಿಂಡರನ್ನು ಅಲುಗದಂತೆ ನಿಲ್ಲಿಸುವ ಗೂಟ ಅಲ್ಲ. ನಟ್ ಬಿಗಿದಾಗ ಸ್ಟಡ್ ಉದ್ದಕ್ಕೆ ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಕೀಲನ್ನು ಒತ್ತಿ ಹಿಡಿಯುವ ಬಲ. ಹಿಗ್ಗಿದಷ್ಟೂ ಬಲ ಎಂದು 1678ರಲ್ಲಿ ರಾಬರ್ಟ್ ಹುಕ್ ಹೇಳಿದ ನಿಯಮವೇ ಇಲ್ಲೂ ನಡೆಯುವುದು.

ಲೆಕ್ಕ ಹಾಕಿ ನೋಡೋಣ. 8 ಮಿಲಿಮೀಟರಿನ ಉಕ್ಕಿನ ಸ್ಟಡ್ಡಿಗೆ 20 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ ಒಣ ಎಳೆಗಳಲ್ಲಿ ಸುಮಾರು 12,500 ನ್ಯೂಟನ್, ಅಂದರೆ ಒಂದೂಕಾಲು ಟನ್ ಬಲ ಹುಟ್ಟುತ್ತದೆ. ನಟ್ಟಿನಿಂದ ಕ್ರ್ಯಾಂಕ್‌ಕೇಸ್‌ವರೆಗೆ ಸ್ಟಡ್ಡಿನ ಉದ್ದ 30 ಮಿಲಿಮೀಟರ್ ಇದ್ದರೆ ಅಷ್ಟು ಬಲಕ್ಕೆ ಅದು ಹಿಗ್ಗುವುದು ಸುಮಾರು 0.05 ಮಿಲಿಮೀಟರ್ ಮಾತ್ರ.

ಈ 0.05 ಎಂಬ ಅಂಕಿಯನ್ನು ನೆನಪಿಡಿ. ಕಾಗದದ ಪ್ಯಾಕಿಂಗ್ ಹೊಸದರಲ್ಲಿ ಒತ್ತಡಕ್ಕೂ ಶಾಖಕ್ಕೂ ನಿಧಾನವಾಗಿ ಕೂತುಕೊಳ್ಳುತ್ತದೆ. ಅದು 0.05 ಮಿಲಿಮೀಟರ್ ಕೂತರೆ ಸ್ಟಡ್ಡಿನ ಹಿಗ್ಗು ಪೂರ್ತಿ ಖಾಲಿ. ನಟ್ ತಿರುಗಿಲ್ಲ, ಏನೂ ಸಡಿಲಿಸಿಲ್ಲ, ಕೈಗೆ ಗಟ್ಟಿಯಾಗಿಯೇ ಸಿಗುತ್ತದೆ. ಒತ್ತುವ ಬಲ ಮಾತ್ರ ಇಲ್ಲ. ನಟ್ಟಿನಡಿ ದಪ್ಪ ಬಣ್ಣ ಇದ್ದರೂ, ಮೆತ್ತಗಿನ ವಾಶರ್ ಇದ್ದರೂ ಇದೇ ಗತಿ. ಮೊದಲ ತಿಂಗಳು ಒಣಗಿದ್ದ ಎಂಜಿನ್ ಆಮೇಲೆ ಸೋರುವುದರ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಸ್ಟಡ್ 150 ಮಿಲಿಮೀಟರ್ ಉದ್ದ ಇದ್ದಿದ್ದರೆ? ಅದೇ ಬಲಕ್ಕೆ 0.25 ಮಿಲಿಮೀಟರ್ ಹಿಗ್ಗುತ್ತಿತ್ತು. ಪ್ಯಾಕಿಂಗ್ 0.05 ಕೂತರೆ ಐದರಲ್ಲಿ ಒಂದು ಭಾಗ ಹೋಗಿ ನಾಲ್ಕು ಭಾಗ ಬಲ ಉಳಿಯುತ್ತಿತ್ತು. ಇಂದಿನ ಬಹುಪಾಲು ಬೈಕುಗಳಲ್ಲಿ ಕ್ರ್ಯಾಂಕ್‌ಕೇಸಿನಿಂದ ಹೊರಟ ಉದ್ದನೆಯ ಸ್ಟಡ್‌ಗಳು ಸಿಲಿಂಡರನ್ನು ದಾಟಿ ಹೆಡ್‌ವರೆಗೂ ಹೋಗುತ್ತವೆ. ಅವು ಹಳೆಯವುಗಳಂತೆ ಸೋರದಿರಲು ಇದೊಂದು ಮುಖ್ಯ ಕಾರಣ.

ಬಲ ಎಷ್ಟು ಎಂಬಷ್ಟೇ ಮುಖ್ಯ ಅದು ಹರಡುವ ಬಗೆ. ನಟ್ಟಿನ ಕೆಳಗೆ ಒತ್ತಡ ಹೆಚ್ಚು, ದೂರ ಹೋದಂತೆ ಕಡಿಮೆ. ಎರಡು ಸ್ಟಡ್‌ಗಳ ನಡುಭಾಗದಲ್ಲಿ ಅತಿ ಕಡಿಮೆ. 1937ರಲ್ಲಿ ಎಡ್ವರ್ಡ್ ಟರ್ನರ್ ರೂಪಿಸಿದ ಟ್ರಯಂಫ್ ಸ್ಪೀಡ್ ಟ್ವಿನ್ ಬಂದಾಗ ಅದರ ಎರಡು ಸಿಲಿಂಡರಿನ ಬ್ಲಾಕನ್ನು ಬುಡದಲ್ಲಿ ಆರು ಸ್ಟಡ್‌ಗಳು ಹಿಡಿದಿದ್ದವು. ಸಾಲದೆಂದು ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಬೇಗನೆ ಅಂಚನ್ನು ಬಲಪಡಿಸಿ ಎಂಟು ಸ್ಟಡ್ ಕೊಟ್ಟರು.

ಸೋರಿದಾಗ ನಟ್ಟನ್ನು ಇನ್ನೂ ಬಿಗಿಯುವ ಅಭ್ಯಾಸ ಇಲ್ಲೇ ಎಡವುತ್ತದೆ. ಅತಿಯಾಗಿ ಬಿಗಿದರೆ ಸ್ಟಡ್ಡಿನ ಹತ್ತಿರದ ಅಂಚು ಕೆಳಕ್ಕೆ ಬಾಗಿ, ನಡುಭಾಗ ತುಸು ಮೇಲೇಳುತ್ತದೆ. ಜತೆಗೆ ಸ್ಟಡ್ ಕೂತ ತೂತಿನ ಸುತ್ತ ಅಲ್ಯೂಮಿನಿಯಂ ಮೇಲಕ್ಕೆ ಉಬ್ಬುತ್ತದೆ. ಬಿಗಿದಷ್ಟೂ ಸೋರಿಕೆ ಹೆಚ್ಚುವ ವಿಚಿತ್ರ ಹೀಗೆ ಹುಟ್ಟುತ್ತದೆ.

ಹಳೆಯ ಪ್ಯಾಕಿಂಗನ್ನು ಓದುವುದು

ಈಗ ಬಿಚ್ಚೋಣ. ಸಿಲಿಂಡರ್ ಅಂಟಿಕೊಂಡಿದ್ದರೆ ಮರದ ಅಥವಾ ರಬ್ಬರಿನ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ ಬಿಡಿಸಬೇಕು, ಸಂದಿಗೆ ಏನನ್ನೂ ತೂರಿಸಬಾರದು. ಸಿಲಿಂಡರ್ ಎರಡಿಂಚು ಎದ್ದ ಕೂಡಲೇ ಕ್ರ್ಯಾಂಕ್‌ಕೇಸಿನ ಬಾಯಿಗೆ ಕನೆಕ್ಟಿಂಗ್ ರಾಡಿನ ಸುತ್ತ ಶುದ್ಧ ಬಟ್ಟೆ ತುರುಕಿ. ಮುರಿದ ರಿಂಗಿನ ಚೂರೋ ಸರ್ಕ್ಲಿಪ್ಪೋ ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾದೀತು.

ಹೊರಬಂದ ಪ್ಯಾಕಿಂಗನ್ನು ಕಸಕ್ಕೆ ಎಸೆಯದೆ ಬೆಳಕಿಗೆ ಹಿಡಿದು ನೋಡಿ. ಹರಿದು ಬಂದಿದ್ದರೂ ತುಂಡುಗಳನ್ನು ಜೋಡಿಸಿಟ್ಟುಕೊಳ್ಳಿ. ಸ್ಟಡ್ ತೂತುಗಳ ಸುತ್ತ ಕಾಗದ ಗಟ್ಟಿಯಾಗಿ, ಹೊಳಪಾಗಿ, ಗಾಢ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಿ ಲೋಹದ ಯಂತ್ರಗೆರೆಗಳ ಅಚ್ಚೂ ಮೂಡಿರುತ್ತದೆ. ಎರಡು ತೂತುಗಳ ನಡುವೆ ಬಂದಂತೆ ಬಣ್ಣ ತಿಳಿಯಾಗುತ್ತದೆ. ಎಲ್ಲಿ ಅಚ್ಚೇ ಇಲ್ಲವೋ, ಕಾಗದ ಉಬ್ಬಿಕೊಂಡು ಒಳ ಅಂಚಿನಿಂದ ಹೊರ ಅಂಚಿನವರೆಗೆ ಆಯಿಲ್ ಕುಡಿದು ಕಪ್ಪಾಗಿದೆಯೋ ಅಲ್ಲಿ ಒತ್ತಡ ಇರಲಿಲ್ಲ. ಹೊರಗೆ ಪೌಡರಿನಲ್ಲಿ ಕಂಡ ಜಾಗಕ್ಕೂ ಈ ಜಾಗಕ್ಕೂ ತಾಳೆಯಾದರೆ ರೋಗ ಸಿಕ್ಕಿತು. ಸುತ್ತಲೂ ಅಚ್ಚು ಸಮನಾಗಿದ್ದರೆ ಕೀಲಿನದು ತಪ್ಪಿಲ್ಲ, ಮತ್ತೆ ಬ್ರೀದರ್ ಕಡೆ ಹೋಗಿ.

ಮುಂದಿನದು ಮುಖಗಳ ಪರೀಕ್ಷೆ. ಹಳೆಯ ಪ್ಯಾಕಿಂಗಿನ ಚೂರುಗಳನ್ನು ಒಣಗಿದ್ದಾಗ ಕೆರೆಯಬೇಡಿ. ಹಿಂದಿನ ಕಾಲದ ಪ್ಯಾಕಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಥಿನ್ನರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಅಥವಾ ಗಟ್ಟಿ ಮರದ ಪಟ್ಟಿಯಲ್ಲಿ ಎಬ್ಬಿಸಿ. ಆಮೇಲೆ ದಪ್ಪ ಗಾಜಿನ ಮೇಲೆ ಪ್ರಶ್ಯನ್ ಬ್ಲೂ ಬಣ್ಣವನ್ನು ತೀರ ತೆಳ್ಳಗೆ ಸವರಿ, ಸಿಲಿಂಡರಿನ ಬುಡವನ್ನು ಅದರ ಮೇಲಿಟ್ಟು ಸ್ವಲ್ಪ ಆಡಿಸಿ. ನೀಲಿ ಹತ್ತಿದ್ದು ಏರು, ಹತ್ತದ್ದು ತಗ್ಗು. ಹಲವು ಸಿಲಿಂಡರುಗಳ ಬುಡದಿಂದ ಕೆಳಗೆ ಚಾಚಿದ ಭಾಗ ಇರುವುದರಿಂದ ಅವುಗಳಿಗೆ ಗಾಜಿನ ಬದಲು ನೇರ ಉಕ್ಕಿನ ಪಟ್ಟಿಯನ್ನೂ ಫೀಲರ್ ಗೇಜನ್ನೂ ಬಳಸಬೇಕಾಗುತ್ತದೆ. ಪಟ್ಟಿಯ ಅಡಿಯಲ್ಲಿ 0.05 ಮಿಲಿಮೀಟರಿನ ಎಲೆ ಎಲ್ಲೂ ನುಸುಳಬಾರದು. ಕ್ರ್ಯಾಂಕ್‌ಕೇಸಿನ ಕಡೆ ಸ್ಟಡ್ ಕಳಚಿ ತೂತಿನ ಬಾಯಿಯ ಮೇಲೆ ಉಗುರು ಎಳೆಯಿರಿ. ಉಗುರು ತಡವರಿಸಿದರೆ ಅಲ್ಲಿ ಲೋಹ ಉಬ್ಬಿದೆ. ಆ ಉಬ್ಬನ್ನು ನಯವಾದ ಅರದಿಂದ, ಇಲ್ಲವೇ ಕೌಂಟರ್‌ಸಿಂಕ್ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ತೆಗೆಯಬಹುದು. ಎಳೆಗಳೇ ಕಿತ್ತುಬಂದಿದ್ದರೆ ಹೆಲಿಕಾಯಿಲ್ ಎಂಬ ತಂತಿಸುರುಳಿಯ ಹೊಸ ಎಳೆ ಹಾಕಿಸಬೇಕು. ಸಿಲಿಂಡರ್ ಅಂಚು ಬಾಗಿದ್ದರೆ ಲೇತಿನವರ ಹತ್ತಿರ ಮುಖ ತೆಗೆಸಬೇಕು.

ಕಾಗದ, ಅರಗು, ಅಂಟು

ಪ್ಯಾಕಿಂಗ್ ಆರಿಸುವಾಗ ಕಂಪನಿ ಹೇಳಿದ ದಪ್ಪವನ್ನು ಮೀರಬೇಡಿ. ಸೋರಿಕೆ ನಿಲ್ಲಲೆಂದು ಎರಡು ಪ್ಯಾಕಿಂಗ್ ಹಾಕುವವರಿದ್ದಾರೆ. ಕಾಗದ ದಪ್ಪವಾದಷ್ಟೂ ಕೂರುವುದು ಹೆಚ್ಚು, ಸ್ಟಡ್ಡಿನ ಬಲ ಕರಗುವುದೂ ಹೆಚ್ಚು. ಮೇಲಾಗಿ ಸಿಲಿಂಡರ್ ಎತ್ತರಕ್ಕೆ ಹೋಗಿ ಕಂಪ್ರೆಶನ್ ಇಳಿಯುತ್ತದೆ. 50 ಮಿಲಿಮೀಟರ್ ಒಳವ್ಯಾಸದ 97 ಸಿಸಿ ಎಂಜಿನ್ನಿನಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೆ 9ರಷ್ಟಿದ್ದ ಅನುಪಾತ 8.4ಕ್ಕೆ ಬರುತ್ತದೆ. ಕ್ಯಾಮ್ ಮೇಲಿರುವ ಎಂಜಿನ್ನಾದರೆ ವಾಲ್ವ್ ಸಮಯವೂ ತುಸು ಹಿಂದೆ ಬೀಳುತ್ತದೆ.

ಅಂಟಿನ ವಿಷಯದಲ್ಲಿ ಗ್ಯಾರೇಜಿಗೊಂದು ಮತ. ಹಳಬರು ಶೆಲಾಕ್ ಸವರುತ್ತಾರೆ. ಮರದ ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಅರಗಿನಿಂದ ಬಂದದ್ದು ಅದು. ಟ್ಯೂಬಿನ ಸಿಲಿಕೋನ್ ಗಾಳಿಯ ತೇವಾಂಶ ಹೀರಿ ಗಟ್ಟಿಯಾಗುತ್ತದೆ. ಕೆಲವು ಬಗೆಯವು ವಿನಿಗರ್ ವಾಸನೆ ಬೀರುವುದು ಆಗ ಬಿಡುಗಡೆಯಾಗುವ ಅಸೆಟಿಕ್ ಆಮ್ಲದಿಂದ. ಮೂರನೆಯ ಬಗೆ ಇದಕ್ಕೆ ತದ್ವಿರುದ್ಧ. ಅಮೆರಿಕದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಅಂಟು ಗಾಳಿ ಇರುವವರೆಗೂ ದ್ರವವಾಗಿಯೇ ಇದ್ದು, ಲೋಹಗಳ ಸಂದಿಯಲ್ಲಿ ಗಾಳಿ ಸಿಗದಾಗ ಗಟ್ಟಿಯಾಗುತ್ತದೆ. ಲಾಕ್‌ಟೈಟ್ ಎಂದು ಹೆಸರಾದದ್ದು ಇದೇ. ಸಮತಟ್ಟಾದ ಎರಡು ಮುಖಗಳ ನಡುವಿನ ತೆಳು ಸಂದಿಗೆ ಇದು ಹೇಳಿಮಾಡಿಸಿದ್ದು.

ಯಾವುದನ್ನು ಬಳಸಿದರೂ ಎರಡು ನಿಯಮ. ಮುಖಗಳಲ್ಲಿ ಎಣ್ಣೆಯ ಪಸೆ ಇರಬಾರದು, ಹಚ್ಚುವುದು ತೆಳ್ಳಗಿರಬೇಕು. ಹೊರಗೆ ಹಿಂಡಿ ಬಂದ ಸಿಲಿಕೋನ್ ಕಣ್ಣಿಗೆ ಕಾಣುತ್ತದೆ, ಅಷ್ಟೇ ಒಳಗೂ ಹಿಂಡಿರುತ್ತದೆ. ಅದು ಕಳಚಿ ಆಯಿಲ್ ಜಾಲರಿಗೆ ಕೂತರೆ ಪಂಪ್ ಬಾಯಾರುತ್ತದೆ. ಇಂದಿನ ಹಲವು ಎಂಜಿನ್ನುಗಳಲ್ಲಿ ಹೆಡ್‌ಗೆ ಹೋಗುವ ಆಯಿಲ್ ಬುಡದ ಕೀಲಿನ ಒಂದು ತೂತಿನ ಮೂಲಕವೇ ಒತ್ತಡದಲ್ಲಿ ಏರುತ್ತದೆ, ಅದರ ಸುತ್ತ ಪುಟ್ಟ ಓ-ರಿಂಗ್ ಇರುತ್ತದೆ. ಆ ರಿಂಗ್ ಮರೆತರೆ ಬುಡದಲ್ಲಿ ಸೋರಿಕೆ. ಆ ತೂತು ಅಂಟಿನಿಂದ ಮುಚ್ಚಿದರೆ ಕ್ಯಾಮ್‌ಶಾಫ್ಟ್ ಸುಟ್ಟಂತೆ.

ಬಿಗಿಯುವ ಕ್ರಮಕ್ಕೂ ವಿಜ್ಞಾನ ಉಂಟು. ನಟ್ಟಿಗೆ ಕೊಟ್ಟ ತಿರುಚು ಬಲದ ಸುಮಾರು ನೂರರಲ್ಲಿ ತೊಂಬತ್ತು ಪಾಲು ಘರ್ಷಣೆಗೇ ವ್ಯಯವಾಗುತ್ತದೆ. ಸ್ಟಡ್ಡನ್ನು ಹಿಗ್ಗಿಸುವುದು ಉಳಿದ ಹತ್ತು ಪಾಲು. ಎಳೆಗಳು ತುಕ್ಕು ಹಿಡಿದಿದ್ದರೆ ಟಾರ್ಕ್ ರೆಂಚ್ ಸರಿಯಾದ ಅಂಕಿ ತೋರಿಸಿದರೂ ಬೇಕಾದಷ್ಟು ಬಲ ಬಂದಿರುವುದಿಲ್ಲ. ಎಳೆಗಳಿಗೆ ಆಯಿಲ್ ಹಚ್ಚಿ ಒಣ ಎಳೆಯ ಅಂಕಿಗೆ ಬಿಗಿದರೆ ಬಲ ಮೂರನೇ ಒಂದು ಪಾಲು ಹೆಚ್ಚಾದೀತು. ಆದ್ದರಿಂದ ಎಳೆಗಳನ್ನು ತಂತಿ ಬ್ರಷ್ಷಿನಿಂದ ಶುಚಿ ಮಾಡಿ, ಗಟ್ಟಿ ವಾಶರ್ ಹಾಕಿ, ಎದುರುಬದುರು ನಟ್‌ಗಳನ್ನು ಎರಡು ಮೂರು ಹಂತದಲ್ಲಿ ಬಿಗಿಯಿರಿ. ಎಂಜಿನ್ ಒಮ್ಮೆ ಚೆನ್ನಾಗಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ. ಪ್ಯಾಕಿಂಗ್ ಕೂತು ಕಳೆದುಕೊಂಡ ಆ 0.05 ಮಿಲಿಮೀಟರನ್ನು ಮರಳಿ ಪಡೆಯುವ ಘಳಿಗೆ ಇದೇ. ಗ್ಯಾರೇಜುಗಳಲ್ಲಿ ಅತಿ ಹೆಚ್ಚು ತಪ್ಪಿಹೋಗುವ ಕೆಲಸವೂ ಇದೇ.

ಯೆಜ್ಡಿಯಲ್ಲಿ ಸೋರುವುದು ಬೇರೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇನ್ನೂ ಕರ್ನಾಟಕದ ರಸ್ತೆಗಳಲ್ಲಿ ಓಡುತ್ತಿವೆ. ಇವು ಟೂ-ಸ್ಟ್ರೋಕ್. ಇಲ್ಲಿ ಕ್ರ್ಯಾಂಕ್‌ಕೇಸೇ ಪೆಟ್ರೋಲ್, ಗಾಳಿ, ಆಯಿಲ್ ಮಿಶ್ರಣವನ್ನು ಎಳೆದುಕೊಳ್ಳುವ ಪಂಪು. ಬುಡದ ಕೀಲು ಸಡಿಲವಾದರೆ ಹೊರಗೆ ಕಾಣುವುದು ಬರೀ ಎಣ್ಣೆಯ ತೇವ. ನಿಜವಾದ ಅಪಾಯ ಒಳಮುಖವಾದದ್ದು. ಪಿಸ್ಟನ್ ಏರುವಾಗ ಕ್ರ್ಯಾಂಕ್‌ಕೇಸ್ ಹೊರಗಿನ ಗಾಳಿಯನ್ನು ಆ ಸಂದಿಯಿಂದ ಹೀರಿಕೊಳ್ಳುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಶಾಖ ಏರಿ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಎಕ್ಸಲರೇಟರ್ ಬಿಟ್ಟ ಮೇಲೂ ಎಂಜಿನ್ ಸುತ್ತು ಇಳಿಯದೆ ತಾನೇ ರೇಸ್ ಆಗುತ್ತಿದ್ದರೆ ಈ ಕೀಲಿನ ಮೇಲೂ ಸಂಶಯ ಪಡಬೇಕು. ಬುಲೆಟ್‌ನಲ್ಲಿ ಬುಡದ ಜಿನುಗು ಹಲವು ತಿಂಗಳು ತಾಳಬಲ್ಲ ತೊಂದರೆ. ಟೂ-ಸ್ಟ್ರೋಕ್‌ನಲ್ಲಿ ಅದನ್ನು ಅದೇ ವಾರ ಸರಿಪಡಿಸಬೇಕು.

ತಾಳಬಲ್ಲದ್ದು ಎಂದೆನೆಂದು ಬುಲೆಟ್‌ನವರೂ ಉಪೇಕ್ಷೆ ಮಾಡುವಂತಿಲ್ಲ. ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ ಒಂದೇ ಹನಿ ಬಿದ್ದರೂ ಹದಿನಾಲ್ಕು ತಾಸಿನ ಓಟಕ್ಕೆ 42 ಮಿಲಿಲೀಟರ್ ಹೋಯಿತು. ತಂಪುರೆಕ್ಕೆಗಳ ನಡುವೆ ಆಯಿಲ್ಲಿಗೆ ಧೂಳು ಅಂಟಿ ಗಟ್ಟಿಯಾದರೆ ಗಾಳಿ ತಾಗದೆ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ, ಆಯಿಲ್ ಇನ್ನಷ್ಟು ತೆಳುವಾಗುತ್ತದೆ. ಹಿಂದಿನ ಚಕ್ರಕ್ಕೆ ಹಾರಿದ ಆಯಿಲ್ ಟೈರಿನ ಹಿಡಿತವನ್ನೇ ಕೆಡಿಸುತ್ತದೆ.

ಮುಂದಿನ ಸಲ ಬುಡದಲ್ಲಿ ಜಿಡ್ಡು ಕಂಡರೆ ಈ ಕ್ರಮ ಹಿಡಿಯಿರಿ: ಮೊದಲು ಪೌಡರ್, ಆಮೇಲೆ ಬ್ರೀದರ್, ಆಮೇಲೆ ತಣ್ಣನೆಯ ಎಂಜಿನ್ನಿನಲ್ಲಿ ನಟ್‌ಗಳ ಟಾರ್ಕ್. ಈ ಮೂರರಲ್ಲೂ ಏನೂ ಸಿಗದಿದ್ದರೆ ಮಾತ್ರ ಬಿಚ್ಚಿಸಿ. ಬಿಚ್ಚಿಸಿದಾಗ ಹಳೆಯ ಪ್ಯಾಕಿಂಗನ್ನು ಮೆಕ್ಯಾನಿಕ್ ಹತ್ತಿರ ಕೇಳಿ ಪಡೆದು ಇಬ್ಬರೂ ಸೇರಿ ನೋಡಿ. ಹೊಸದನ್ನು ಹಾಕಿಸಿಕೊಂಡ ಮೇಲೆ, ಒಂದು ಸುತ್ತು ಓಡಿಸಿ ತಣಿದ ನಂತರ ಮತ್ತೊಮ್ಮೆ ಟಾರ್ಕ್ ನೋಡಿಸದೆ ಗ್ಯಾರೇಜಿನ ಲೆಕ್ಕ ಚುಕ್ತಾ ಮಾಡಬೇಡಿ.